ಚಿಕ್ಕಮ್ಮನ ಫೈಲಿನಲ್ಲಿರುವ ಹೆಸರುಗಳು

ಚಿಕ್ಕಮ್ಮನ ವಿಷಯ ಬಂದಾಗಲೆಲ್ಲ ನೆಂಟರಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. "ಬರೀ ಡಿಪ್ರೆಷನ್ನೋ, ಕ್ಲಿನಿಕಲ್ ಡಿಪ್ರೆಷನ್ನೋ?" ಬರೀ ಡಿಪ್ರೆಷನ್ ಆದರೆ ನಾಲ್ಕು ದಿನ ತವರಿಗೆ ಹೋಗಿ ಬಂದರೆ ಸರಿಹೋಗುತ್ತದೆ, ಕ್ಲಿನಿಕಲ್ ಆದರೆ ದನಿ ತಗ್ಗಿಸಿ ಮಾತಾಡಬೇಕು ಅನ್ನುವ ಲೆಕ್ಕ ಅವರದು. ಇತ್ತೀಚೆಗೆ ಈ ಪಟ್ಟಿಗೆ ಇನ್ನೊಂದು ಸೇರಿದೆ. "ಮೇಜರ್ ಅಂತೇನಾದ್ರೂ ಬರ್ದಿದಾರಾ?" ಇಲ್ಲ ಅಂದರೆ ಅವರಿಗೆ ಸಮಾಧಾನ.

ಸಾಗರದಿಂದ ಶಿವಮೊಗ್ಗಕ್ಕೆ ಅವಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂದಿದ್ದರಿಂದ ಫೈಲು ನನ್ನ ಹತ್ತಿರವೇ ಇರುತ್ತದೆ. ಮೊದಲ ಚೀಟಿ ಊರಿನ ಡಾಕ್ಟರದು. ಅದರಲ್ಲಿ ಡಿಪ್ರೆಷನ್ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದಾರೆ. ಕೆಳಗೆ ಥೈರಾಯ್ಡ್ ಪರೀಕ್ಷೆಗೆ ಬರೆದಿದ್ದಾರೆ. ಥೈರಾಯ್ಡ್ ಕಮ್ಮಿಯಾದರೂ ಮನುಷ್ಯ ಹೀಗೇ ಸುಸ್ತಾಗಿ ಮಂಕಾಗುತ್ತಾನೆ, ಹಾಗಾಗಿ ಮೊದಲು ಅದನ್ನು ನೋಡುತ್ತಾರೆ. ಅವಳ ರಿಪೋರ್ಟ್ ಸರಿಯಾಗಿತ್ತು. ಮುಂದಿನ ಹಾಳೆಯಲ್ಲಿ ಮನೋವೈದ್ಯರು ಬರೆದದ್ದು ಎಫ್ 32.1. ಇನ್ನೂ ಮುಂದೆ ಎಫ್ 33. ಕೊನೆಯ ಹಾಳೆಗಳಲ್ಲಿ ಬೈಪೋಲಾರ್ ಟೈಪ್ 2.

ಹೆಸರು ಬದಲಾದಾಗಲೆಲ್ಲ ಚಿಕ್ಕಪ್ಪನ ತೀರ್ಮಾನ ಒಂದೇ: "ಮೊದಲು ಇವರಿಗೆ ಗೊತ್ತಾಗ್ಲಿಲ್ಲ." ಅತ್ತೆಯದು ಇನ್ನೊಂದು: "ಕಾಯಿಲೆ ಜೋರಾಯ್ತು." ಫೈಲನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಿರುವಿ ಹಾಕಿದಷ್ಟೂ ನನಗೆ ಬೇರೆಯೇ ಅನ್ನಿಸಿದೆ. ಈ ಹೆಸರುಗಳಲ್ಲಿ ನೋವಿನ ಅಳತೆ ಕಮ್ಮಿ, ಕಾಲದ ಲೆಕ್ಕ ಜಾಸ್ತಿ. ಎಷ್ಟು ದಿನದಿಂದ, ಎಷ್ಟನೇ ಸಲ, ನಡುವೆ ಹೇಗಿದ್ದಳು, ಅದಕ್ಕಿಂತ ಮುಂಚೆ ಹೇಗಿದ್ದಳು. ಮನೆಯಲ್ಲಿ ನಾವು "ಯಾಕೆ" ಅಂತ ಕೇಳುತ್ತೇವೆ, "ಏನು ಕಮ್ಮಿಯಾಗಿದೆ ಅವಳಿಗೆ" ಅಂತ ಕೇಳುತ್ತೇವೆ. ಡಾಕ್ಟರ್ ಮೊದಲು ಕೇಳುವುದು "ಯಾವಾಗಿನಿಂದ" ಅಂತ.

ಮೇಜರ್ ಅಂದರೆ

ಕ್ಲಿನಿಕಲ್ ಡಿಪ್ರೆಷನ್ ಅನ್ನುವ ಹೆಸರಿನ ಕಾಯಿಲೆ ಡಾಕ್ಟರುಗಳ ಕೈಪಿಡಿಯಲ್ಲಿ ಇಲ್ಲ. ಚಿಕಿತ್ಸೆ ಬೇಕಾಗುವಷ್ಟು ಇದೆ ಅಂತ ಹೇಳುವುದಕ್ಕೆ ಜನ ಬಳಸುವ ಮಾತು ಅದು, ಅಷ್ಟೆ. ಕೈಪಿಡಿಗಳು ಮುಖ್ಯವಾಗಿ ಎರಡು. ಒಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ. ನಮ್ಮ ಚೀಟಿಗಳಲ್ಲಿ ಕಾಣುವ ಎಫ್ ಅಕ್ಷರದ ಕೋಡುಗಳು ಅದರ ಹತ್ತನೇ ಆವೃತ್ತಿಯವು. ಹನ್ನೊಂದನೇ ಆವೃತ್ತಿ 2022ರ ಜನವರಿಯಲ್ಲಿ ಜಾರಿಗೆ ಬಂದಿದೆ, ಆದರೂ ಹಳೇ ಕೋಡು ಬರೆಯುವವರು ಇನ್ನೂ ಇದ್ದಾರೆ. ಇನ್ನೊಂದು ಅಮೆರಿಕದ ಮನೋವೈದ್ಯರ ಸಂಘದ ಡಿಎಸ್ಎಂ. ಮೇಜರ್ ಡಿಪ್ರೆಷನ್ ಅನ್ನುವ ಹೆಸರು ಗಟ್ಟಿಯಾಗಿ ನಿಂತದ್ದು ಇದರ 1980ರ ಮೂರನೇ ಆವೃತ್ತಿಯಿಂದ.

ಆ ಕೈಪಿಡಿಯಲ್ಲಿ ಒಂಬತ್ತು ಲಕ್ಷಣಗಳ ಪಟ್ಟಿ ಇದೆ. ಮಂಕು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಕೆಡುವುದು, ಹಸಿವು ಅಥವಾ ತೂಕ ಏರುಪೇರಾಗುವುದು, ಸುಸ್ತು, ಗಮನ ನಿಲ್ಲದಿರುವುದು, ತಾನು ನಾಲಾಯಕ್ಕು ಅನ್ನಿಸುವುದು, ಕೈಕಾಲು ನಿಧಾನವಾಗುವುದು ಅಥವಾ ಚಡಪಡಿಕೆ, ಸಾವಿನ ಯೋಚನೆ. ಇದರಲ್ಲಿ ಐದಾದರೂ ಇರಬೇಕು, ಮೊದಲ ಎರಡರಲ್ಲಿ ಒಂದು ಇರಲೇಬೇಕು. ಎರಡು ವಾರ, ಹೆಚ್ಚುಕಮ್ಮಿ ಪ್ರತಿದಿನ, ದಿನದ ಬಹುಪಾಲು ಹೊತ್ತು ಇರಬೇಕು. ಇಷ್ಟಾದರೆ ಅದು ಮೇಜರ್. ಇಲ್ಲಿ ಮೇಜರ್ ಅಂದರೆ ಪೂರ್ತಿ ಲೆಕ್ಕಕ್ಕೆ ಬಂದಿದೆ ಅಂತ. ನಮಗೆ ಗೊತ್ತಿರುವುದು ಮೇಜರ್ ಆಪರೇಷನ್, ಮೇಜರ್ ಆಕ್ಸಿಡೆಂಟ್. ಅದಕ್ಕೇ ಹೆದರುತ್ತೇವೆ. ಮೇಜರ್ ಡಿಪ್ರೆಸಿವ್ ಡಿಸಾರ್ಡರ್ ಅಂತ ಬರೆದು ಪಕ್ಕದಲ್ಲೇ ಮೈಲ್ಡ್ ಅಂತಲೂ ಬರೆಯಬಹುದು, ಎರಡಕ್ಕೂ ಜಗಳ ಇಲ್ಲ. ಹೆಸರಿಟ್ಟವರು ಇನ್ನೊಂದು ಸ್ವಲ್ಪ ಯೋಚನೆ ಮಾಡಬಹುದಿತ್ತು ಅಂತ ನನ್ನ ಅಭಿಪ್ರಾಯ.

(ಪಟ್ಟಿಯ ಕೊನೆಯ ಲಕ್ಷಣ ಯಾರಿಗಾದರೂ ಇದ್ದರೆ ಹೆಸರು ಗೊತ್ತಾಗಲಿ ಅಂತ ಕಾಯಬೇಡಿ. ಟೆಲಿ ಮಾನಸ್ ಅನ್ನುವ ಸರ್ಕಾರಿ ಸಹಾಯವಾಣಿ 2022ರಿಂದ ಇದೆ. ನಂಬರ್ 14416. ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.)

ಚಿಕ್ಕಮ್ಮನಿಗೆ ಬರೆದ ಎಫ್ 32.1ರ ಅರ್ಥ ಡಿಪ್ರೆಸಿವ್ ಎಪಿಸೋಡು, ಅಂದರೆ ಡಿಪ್ರೆಷನ್ನಿನ ಒಂದು ಸುತ್ತು, ಮಧ್ಯಮ ಮಟ್ಟದ್ದು. ಅವತ್ತು ಅವಳು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಬೇಜಾರೇನಿಲ್ಲ ಡಾಕ್ಟ್ರೇ. ಏನೂ ಬೇಡ ಅನ್ಸತ್ತೆ. ಬೆಳಿಗ್ಗೆ ಮೂರೂವರೆಗೆ ಎಚ್ಚರ ಆಗ್ಬಿಡತ್ತೆ. ಆವಾಗಿನಿಂದ ಹತ್ತು ಗಂಟೆ ತನಕ ಜೀವ ಹಿಂಡತ್ತೆ. ಹಾಲು ಉಕ್ತಾ ಇರೋದು ಕಾಣತ್ತೆ, ಒಲೆ ಆರ್ಸೋಕೆ ಕೈ ಏಳಲ್ಲ." ಬೇಜಾರಿಲ್ಲ ಅಂದಳು ಅಂತ ಚಿಕ್ಕಪ್ಪ ನನ್ನ ಮುಖ ನೋಡಿದರು, ಹಾಗಾದರೆ ಡಿಪ್ರೆಷನ್ ಅಲ್ಲವಲ್ಲ ಅನ್ನುವ ಹಾಗೆ. ಡಾಕ್ಟರ್ ಮಾತ್ರ ಬರೆಯುತ್ತಲೇ ಇದ್ದರು. ಹೊತ್ತಿಗೆ ಮುಂಚೆ ಎಚ್ಚರ, ಬೆಳಗಿನ ಹೊತ್ತು ಜಾಸ್ತಿ ಕಷ್ಟ, ಯಾವ ಒಳ್ಳೆ ಸುದ್ದಿಗೂ ಮನಸ್ಸು ಅರಳದಿರುವುದು, ಮೈ ನಿಧಾನವಾಗುವುದು. ಇವೆಲ್ಲ ಒಟ್ಟಿಗೆ ಇದ್ದರೆ ಅದಕ್ಕೆ ಮೆಲಂಕೋಲಿಕ್ ಅಂತ ಒಂದು ಬಾಲ ಸೇರಿಸುತ್ತಾರೆ. ಇದಕ್ಕೆ ಎದುರಾಗಿ, ಸಿಕ್ಕಾಪಟ್ಟೆ ನಿದ್ದೆ, ಸಿಕ್ಕಾಪಟ್ಟೆ ಹಸಿವು, ಕೈಕಾಲಲ್ಲಿ ಸೀಸ ತುಂಬಿದಂಥ ಭಾರ, ಆದರೂ ಪ್ರೀತಿಯವರು ಬಂದರೆ ಸ್ವಲ್ಪ ಹೊತ್ತು ಮುಖ ಅರಳುವುದು. ಇದಕ್ಕೆ ಎಟಿಪಿಕಲ್ ಅಂತಾರೆ. ಹೆಸರಿಗೆ ಅಪರೂಪದ್ದು ಅಂತ ಅನ್ನಿಸಿದರೂ ಅಪರೂಪದ್ದೇನಲ್ಲ.

ಅಮ್ಮನಿಗೆ ನೆನಪಾದದ್ದು

"ಮುಂಚೆ ಯಾವಾಗಾದ್ರೂ ಹೀಗಾಗಿತ್ತಾ?" ಮೊದಲ ಸಲವೇ ಡಾಕ್ಟರ್ ಕೇಳಿದ್ದರು. ಚಿಕ್ಕಮ್ಮ ಇಲ್ಲ ಅಂದಿದ್ದಳು, ಚಿಕ್ಕಪ್ಪನೂ ಇಲ್ಲ ಅಂದಿದ್ದರು. ಆಮೇಲೆ ಒಂದು ಸಲ ನನ್ನ ಅಮ್ಮ ಜೊತೆಗೆ ಬಂದಳು. ಅದೇ ಪ್ರಶ್ನೆ ಮತ್ತೆ ಬಂತು. ಅಮ್ಮ ಸೆರಗು ಸರಿಮಾಡಿಕೊಂಡು, "ಎರಡನೇ ಬಾಣಂತನದಲ್ಲಿ ಆಗಿತ್ತಲ್ಲೇ," ಅಂದಳು. ಮಗುವಿಗೆ ಹಾಲು ಕುಡಿಸಿ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದಳಂತೆ. ಮಗು ಅತ್ತರೂ ಏಳುತ್ತಿರಲಿಲ್ಲವಂತೆ. ಅಜ್ಜಿ ಅದನ್ನು ಬಾಣಂತಿ ನಿಶ್ಶಕ್ತಿ ಅಂತ ಹೇಳಿ ಲೇಹ್ಯ ತಿನ್ನಿಸಿದ್ದಳು. ಮಗುವಿಗೆ ಅನ್ನ ಮುಟ್ಟಿಸುವ ಹೊತ್ತಿಗೆ ಸರಿಹೋಗಿತ್ತು. ಸರಿಹೋದದ್ದಕ್ಕೆ ಯಾರೂ ಅದನ್ನು ಕಾಯಿಲೆ ಅಂತ ಎಣಿಸಿರಲಿಲ್ಲ.

ಹೆರಿಗೆ ಆದ ಮೇಲಿನ ಈ ಹೆಸರುಗಳನ್ನೂ ಜನ ಕಲಸಿಬಿಡುತ್ತಾರೆ. ಹೆರಿಗೆಯಾದ ಮೂರು ನಾಲ್ಕು ದಿನಕ್ಕೆ ಸುಮ್ಮಸುಮ್ಮನೆ ಅಳು ಬರುವುದು, ಸಣ್ಣ ಮಾತಿಗೂ ಕಿರಿಕಿರಿ ಆಗುವುದು ತುಂಬಾ ಜನಕ್ಕೆ ಆಗುತ್ತದೆ. ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಅದು ಬೇಬಿ ಬ್ಲೂಸ್, ಕಾಯಿಲೆ ಅಲ್ಲ. ಎರಡು ವಾರ ದಾಟಿ ಗಟ್ಟಿಯಾಗಿ ಕೂತರೆ ಅದು ಪೋಸ್ಟ್‌ಪಾರ್ಟಂ ಡಿಪ್ರೆಷನ್, ಲೇಹ್ಯಕ್ಕೆ ಬಗ್ಗುವುದಿಲ್ಲ. ಮೂರನೆಯದು ನಮ್ಮ ಹಳೇ ಹೆಂಗಸರಿಗೆ ಚೆನ್ನಾಗಿ ಗೊತ್ತಿದ್ದದ್ದು, ಬಾಣಂತಿ ಸನ್ನಿ. ನಿದ್ದೆ ಇಲ್ಲ, ಮಾತಿಗೆ ಅರ್ಥ ಇಲ್ಲ, ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಅದಕ್ಕೆ ಪೋಸ್ಟ್‌ಪಾರ್ಟಂ ಸೈಕೋಸಿಸ್ ಅಂತಾರೆ. ಆವತ್ತೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ ಅದು, ತಾಯಿಗೂ ಮಗುವಿಗೂ ಅಪಾಯ.

ಅಮ್ಮನ ಆ ಒಂದು ಮಾತಿಗೆ ಎಫ್ 32 ಹೋಗಿ ಎಫ್ 33 ಬಂತು. ರಿಕರೆಂಟ್ ಡಿಪ್ರೆಸಿವ್ ಡಿಸಾರ್ಡರ್, ಅಂದರೆ ಮರುಕಳಿಸುವಂಥದ್ದು. ಒಂದು ಎಪಿಸೋಡು ಮುಗಿದು, ನಡುವೆ ಕನಿಷ್ಠ ಎರಡು ತಿಂಗಳಾದರೂ ಸರಿಯಾಗಿದ್ದು, ಮತ್ತೆ ಬಂದರೆ ಈ ಹೆಸರು. ಅವಳ ಸ್ಥಿತಿ ಅವತ್ತು ಹಿಂದಿನ ಸಲಕ್ಕಿಂತ ಚೆನ್ನಾಗೇ ಇತ್ತು, ದಾರಿಯಲ್ಲಿ ಆನಂದಪುರದ ಹತ್ತಿರ ಇಳಿದು ಕಾಫಿ ಕುಡಿದಿದ್ದಳು. ಆದರೂ ಹೆಸರು ಭಾರವಾಯಿತು. ಬದಲಾದದ್ದು ಮಾತ್ರೆಯ ಲೆಕ್ಕ. ಮೊದಲ ಎಪಿಸೋಡಿಗೆ ಸಾಮಾನ್ಯವಾಗಿ ಗುಣವಾದ ಮೇಲೂ ಆರೇಳು ತಿಂಗಳು ಮಾತ್ರೆ ಮುಂದುವರಿಸುತ್ತಾರೆ. ಮತ್ತೆ ಮತ್ತೆ ಬರುವಂಥದ್ದಾದರೆ ಅದು ವರ್ಷಗಳ ಲೆಕ್ಕಕ್ಕೆ ಹೋಗುತ್ತದೆ. "ಚೆನ್ನಾಗಾದ್ಲಲ್ಲ, ಇನ್ನೂ ಯಾಕೆ ಮಾತ್ರೆ" ಅನ್ನುವ ಪ್ರಶ್ನೆಗೆ ಉತ್ತರ ಆ ಕೋಡಿನಲ್ಲೇ ಇದೆ.

ಸ್ವಭಾವ ಅನ್ನಿಸಿಕೊಂಡದ್ದು

ಅಪ್ಪನ ಸ್ನೇಹಿತರೊಬ್ಬರಿದ್ದರು. ಸರ್ಕಾರಿ ಕೆಲಸ, ಒಂದು ದಿನ ರಜೆ ಹಾಕಿದವರಲ್ಲ. ಸಂಜೆ ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಮಗಳಿಗೆ ಸೀಟು ಸಿಕ್ಕಿತು ಅಂತ ಹೇಳುವಾಗಲೂ ಸಾಲ ಮಾಡಬೇಕಾದೀತು ಅನ್ನುವ ಧ್ವನಿ. ಯಾವ ಮದುವೆಮನೆಯಲ್ಲೂ ಎರಡನೇ ಸಲ ಬಡಿಸಿಕೊಂಡವರಲ್ಲ. "ಅವರ ಸ್ವಭಾವವೇ ಹಾಗೆ," ಅಂತ ಎಲ್ಲರೂ ಹೇಳುತ್ತಿದ್ದರು. ಅವರೂ ಹಾಗೇ ನಂಬಿದ್ದರು. ಈಗ ಅವರಿಲ್ಲ. ಸತ್ತವರಿಗೆ ನಾನು ಕಾಯಿಲೆ ಅಂಟಿಸುವುದಿಲ್ಲ. ಆದರೆ ಡಿಸ್ತೈಮಿಯಾ ಅನ್ನುವ ಹೆಸರನ್ನು ಓದಿದಾಗ ನೆನಪಾದದ್ದು ಅವರೇ.

ಡಿಸ್ತೈಮಿಯಾ ಅಂದರೆ ಅಷ್ಟೇನೂ ಜೋರಿಲ್ಲದ, ಆದರೆ ಬಿಡದ ಮಂಕು. ಕನಿಷ್ಠ ಎರಡು ವರ್ಷ, ಇರುವ ದಿನಗಳೇ ಇಲ್ಲದ ದಿನಗಳಿಗಿಂತ ಜಾಸ್ತಿ. ಕೆಲಸ ನಡೆಯುತ್ತದೆ, ಸಂಸಾರ ನಡೆಯುತ್ತದೆ, ರುಚಿ ಮಾತ್ರ ಇರುವುದಿಲ್ಲ. ಎಷ್ಟೋ ಜನಕ್ಕೆ ಇದು ಹದಿಹರೆಯದಲ್ಲೇ ಶುರುವಾಗಿರುತ್ತದೆ. ಹಾಗಾಗಿ ಇದಕ್ಕಿಂತ ಬೇರೆ ಥರ ತಾನು ಇದ್ದ ನೆನಪೇ ಅವರಿಗಿರುವುದಿಲ್ಲ. ಮುಂಚೆ ಹೇಗಿದ್ದಿರಿ ಅಂತ ಕೇಳಿದರೆ ಹೀಗೇ ಇದ್ದೆ ಅಂತಾರೆ. 2013ರಲ್ಲಿ ಡಿಎಸ್ಎಂನ ಐದನೇ ಆವೃತ್ತಿ ಬಂದಾಗ ಇದನ್ನೂ, ಎರಡು ವರ್ಷ ದಾಟಿದ ಮೇಜರ್ ಡಿಪ್ರೆಷನ್ನನ್ನೂ ಸೇರಿಸಿ ಪರ್ಸಿಸ್ಟೆಂಟ್ ಡಿಪ್ರೆಸಿವ್ ಡಿಸಾರ್ಡರ್ ಅಂತ ಒಂದೇ ಹೆಸರು ಕೊಟ್ಟರು. ಐಸಿಡಿ ಹಳೇ ಹೆಸರನ್ನು ಬಿಟ್ಟಿಲ್ಲ. ಈ ಮಂಕಿನ ಮೇಲೆ ಒಂದು ದೊಡ್ಡ ಎಪಿಸೋಡು ಬಂದು ಕೂರುವುದೂ ಉಂಟು. ಅದನ್ನು ಡಬಲ್ ಡಿಪ್ರೆಷನ್ ಅಂತ ಕರೆಯುತ್ತಾರೆ. ಆ ಎಪಿಸೋಡು ಇಳಿದಾಗ ಮನೆಯವರು ಗುಣವಾಯಿತು ಅಂತಾರೆ, ಆದರೆ ಇಳಿದು ನಿಂತದ್ದು ಹಳೇ ಮಂಕಿನಲ್ಲಿ. ಇದನ್ನು ಸಣ್ಣ ಡಿಪ್ರೆಷನ್ ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ವರ್ಷಗಳ ಮೊತ್ತ ಹಾಕಿ ನೋಡಲಿ.

ಯಾಕೆ ಅಂತ ಕೇಳುವವರು

ಕಾರಣ ಇದ್ದರೆ ಒಂದು ಹೆಸರು, ಕಾರಣ ಇಲ್ಲದಿದ್ದರೆ ಇನ್ನೊಂದು ಅಂತ ಹಿಂದೆ ಡಾಕ್ಟರುಗಳೂ ಭಾಗ ಮಾಡಿದ್ದರು. ರಿಯಾಕ್ಟಿವ್, ಅಂದರೆ ಏನೋ ಆಗಿದ್ದಕ್ಕೆ ಬಂದದ್ದು. ಎಂಡೋಜೆನಸ್, ಅಂದರೆ ಒಳಗಿನಿಂದಲೇ ಬಂದದ್ದು. ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ತೊಂದರೆ ಏನೆಂದರೆ ಹುಡುಕಿದರೆ ಎಲ್ಲರ ಬದುಕಲ್ಲೂ ಒಂದು ಕಾರಣ ಸಿಗುತ್ತದೆ. ಕಾರಣ ಸಿಕ್ಕ ಕೂಡಲೇ ಚಿಕಿತ್ಸೆ ಬೇಡ ಅನ್ನಿಸಿಬಿಡುತ್ತದೆ. ಮುಖ್ಯ ಕೈಪಿಡಿಗಳು ಈ ಭಾಗವನ್ನು ಕೈಬಿಟ್ಟು ದಶಕಗಳಾದವು. ನಮ್ಮ ಮನೆಗಳಲ್ಲಿ ಅದು ಇನ್ನೂ ಹೋಗಿಲ್ಲ.

ಕಾರಣಕ್ಕೆ ನೇರವಾಗಿ ಗಂಟುಹಾಕಿರುವ ಹೆಸರು ಅಡ್ಜಸ್ಟ್‌ಮೆಂಟ್ ಡಿಸಾರ್ಡರ್. ಕೆಲಸ ಹೋಯಿತು, ಮದುವೆ ಮುರಿಯಿತು, ಊರು ಬಿಡಬೇಕಾಯಿತು. ಆಮೇಲೆ ಸ್ವಲ್ಪ ದಿನದಲ್ಲೇ ಶುರುವಾಗಿ, ಆ ಪರಿಸ್ಥಿತಿ ತಿಳಿಯಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಇಳಿಯುತ್ತದೆ. ಲಕ್ಷಣಗಳು ಡಿಪ್ರೆಷನ್ನಿನ ಪೂರ್ತಿ ಲೆಕ್ಕ ಮುಟ್ಟಿರಬಾರದು. ಮುಟ್ಟಿದರೆ ಕಾರಣ ಎಷ್ಟೇ ದೊಡ್ಡದಿರಲಿ, ಹೆಸರು ಡಿಪ್ರೆಷನ್ನೇ. ಬೆಂಗಳೂರಿನ ನನ್ನ ಗೆಳೆಯನೊಬ್ಬ ಆಫೀಸಿಗೆ ಕೊಡುವ ಸರ್ಟಿಫಿಕೇಟಿನಲ್ಲಿ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್ ಅಂತಲೇ ಬರೆಯಿರಿ, ಅದು ಸ್ವಲ್ಪ ಮರ್ಯಾದೆಯಾಗಿ ಕಾಣುತ್ತದೆ ಅಂತ ಡಾಕ್ಟರನ್ನು ಕೇಳಿಕೊಂಡಿದ್ದ. ಅವರು ಒಪ್ಪಲಿಲ್ಲ. ಅವನ ಮ್ಯಾನೇಜರ್ ಅದನ್ನು ಓದಿ, "ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗಲ್ವಾ ನಿಂಗೆ" ಅಂತ ಕೇಳುವುದು ತಪ್ಪಿತು.

ಸಾವಿನ ದುಃಖದ ವಿಷಯದಲ್ಲಿ ಕೈಪಿಡಿಯವರೇ ಜಗಳ ಆಡಿದ್ದಾರೆ. ಹತ್ತಿರದವರು ಸತ್ತು ಎರಡು ತಿಂಗಳಾಗದಿದ್ದರೆ ಸಾಮಾನ್ಯವಾಗಿ ಡಿಪ್ರೆಷನ್ ಅಂತ ಬರೆಯಬೇಡಿ ಅಂತ ಡಿಎಸ್ಎಂನಲ್ಲಿ ಒಂದು ರಿಯಾಯಿತಿ ಇತ್ತು. 2013ರಲ್ಲಿ ಅದನ್ನು ತೆಗೆದರು. ದುಃಖವನ್ನೂ ಕಾಯಿಲೆ ಮಾಡಿದಿರಿ ಅಂತ ಒಂದು ಕಡೆ, ದುಃಖದಲ್ಲಿರುವವನಿಗೂ ಡಿಪ್ರೆಷನ್ ಬರಬಹುದು, ಅವನನ್ನು ಯಾಕೆ ಹೊರಗಿಡುತ್ತೀರಿ ಅಂತ ಇನ್ನೊಂದು ಕಡೆ. ನನಗೆ ಎರಡನೆಯವರ ಮಾತು ಸರಿ ಅನ್ನಿಸುತ್ತದೆ. ಹದಿಮೂರನೇ ದಿನದ ಊಟ ಮುಗಿದ ಮೇಲೂ ಮೂಲೆ ಬಿಟ್ಟು ಏಳದವರನ್ನು ಅತ್ತರೆ ಹಗುರಾಗುತ್ತೆ ಅಂತ ಹೇಳಿ ಬಿಟ್ಟುಬಿಡುವವರು ನಾವು.

ಹಪ್ಪಳದ ಬೇಸಿಗೆ

ಎಫ್ 33ರ ಮೇಲೆ ಮಾತ್ರೆ ಜಾಸ್ತಿ ಮಾಡಿದಾಗ ಚಿಕ್ಕಮ್ಮನಿಗೆ ನಿದ್ದೆ ಹಾರಿತು. ಸುಸ್ತು ಇಲ್ಲ, ಆದರೆ ಎಲ್ಲದಕ್ಕೂ ರೇಗಾಟ. ಡಾಕ್ಟರ್ ಪೆನ್ನು ಕೆಳಗಿಟ್ಟು ಹೊಸ ಪ್ರಶ್ನೆ ಕೇಳಿದರು. "ನಿದ್ದೆ ಕಮ್ಮಿ ಆಗಿಯೂ ತುಂಬಾ ಹುರುಪಿನಿಂದ ಇದ್ದ ದಿನಗಳು ಯಾವುದಾದ್ರೂ ಇದ್ವಾ? ತುಂಬಾ ಮಾತು, ತುಂಬಾ ಕೆಲಸ, ದುಡ್ಡು ಖರ್ಚು?"

ಚಿಕ್ಕಪ್ಪನ ಮುಖ ಅರಳಿತು. ಕಾಯಿಲೆ ಬಗ್ಗೆ ಕೇಳಿದ್ದಾರೆ ಅಂತ ಅವರಿಗೆ ಅನ್ನಿಸಲೇ ಇಲ್ಲ. "ಇತ್ತಲ್ಲ, ಹಪ್ಪಳ ಮಾಡಿದ ವರ್ಷ! ಆವಾಗ ಇವಳು ಎಷ್ಟು ಚೆನ್ನಾಗಿದ್ಲು ಗೊತ್ತಾ," ಅಂತ ಶುರುಮಾಡಿದರು.

ಆ ಬೇಸಿಗೆ ನನಗೂ ನೆನಪಿದೆ, ರಜೆಗೆ ಅಲ್ಲೇ ಇದ್ದೆ. ಮೊದಲು ನಮ್ಮ ಹಿತ್ತಲಿನ ಮರದ ಹಲಸು ಇಳಿಸಿದಳು. ಸಾಲದೆ ಪಕ್ಕದ ಮೂರು ಮನೆಯದ್ದೂ ಇಳಿಸಿದಳು. ರಾತ್ರಿ ಎರಡು ಗಂಟೆಗೆ ಹಿಂದಿನ ಜಗಲಿಯಲ್ಲಿ ದೀಪ. ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಒಬ್ಬಳೇ ತೊಳೆ ಬಿಡಿಸುತ್ತ ಕೂತಿರುತ್ತಿದ್ದಳು. ಬಾಯಲ್ಲಿ ಒಂದಾದ ಮೇಲೊಂದು ಹಾಡು. ಬೆಳಗಾಗುವ ಹೊತ್ತಿಗೆ ಬೇಯಿಸಿ, ಕುಟ್ಟಿ, ಉಂಡೆ ಕಟ್ಟಿ ಮುಗಿದಿರುತ್ತಿತ್ತು. ಅಂಗಳದಲ್ಲಿ ಚಾಪೆ ಸಾಲದೆ ಸೂರಿನ ಮೇಲೆ ಹಳೇ ಸೀರೆ ಹಾಸಿದಳು. ನಮ್ಮನ್ನೆಲ್ಲ ಎಬ್ಬಿಸಿ ಕೂರಿಸಿಕೊಂಡು ಹಪ್ಪಳ ಒತ್ತಿಸುವಾಗ ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದಳು. ಹೊಸ ಗ್ರೈಂಡರ್ ಸಾಲಕ್ಕೆ ಬಂತು. ತನ್ನ ಹೆಸರಿನ ಲೇಬಲ್ ಪ್ರಿಂಟ್ ಹಾಕಿಸಿದಳು, ಬೆಂಗಳೂರಿನ ಅಂಗಡಿಗಳಿಗೆಲ್ಲ ಫೋನು ಮಾಡಿದಳು. ಯಾವತ್ತೂ ಅಳೆದು ತೂಗಿ ಖರ್ಚು ಮಾಡುವವಳು ಅವಳು. "ಮೈಮೇಲೆ ದೇವರು ಬಂದ ಹಾಗೆ ಆಡ್ತಾಳೆ," ಅಂತ ಅಮ್ಮ ನಗುತ್ತಿದ್ದಳು. ಮಳೆ ಹಿಡಿಯಿತು. ಆಷಾಢದಲ್ಲಿ ಚಿಕ್ಕಮ್ಮ ಮಲಗಿದಳು. ಮಳೆಗೆ ಮೈ ಹುಷಾರಿಲ್ಲ ಅಂತ ಎಲ್ಲರೂ ಅಂದುಕೊಂಡೆವು. ಡಬ್ಬಿಯಲ್ಲಿದ್ದ ಹಪ್ಪಳಕ್ಕೆ ಬೂಷ್ಟು ಬಂತು. ಗ್ರೈಂಡರ್ ಸಾಲವನ್ನು ಚಿಕ್ಕಪ್ಪ ತೀರಿಸಿದರು.

ಹೀಗೆ ಮನುಷ್ಯ ತನ್ನ ಮಾಮೂಲಿಗಿಂತ ಎದ್ದು ಕಾಣುವಷ್ಟು ಬೇರೆಯಾಗಿ, ನಾಲ್ಕು ದಿನವಾದರೂ ಬಿಡದೆ ಹುರುಪಿನಲ್ಲಿದ್ದರೆ ಅದು ಹೈಪೋಮೇನಿಯಾ. ವಾರ ದಾಟಿ, ಬದುಕೇ ಹಳಿ ತಪ್ಪುವಷ್ಟಾದರೆ, ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ಮೇನಿಯಾ. ಡಿಪ್ರೆಷನ್ ಜೊತೆ ಹೈಪೋಮೇನಿಯಾ ಇದ್ದರೆ ಬೈಪೋಲಾರ್ ಟೈಪ್ 2. ಮೇನಿಯಾ ಒಂದೇ ಸಲ ಬಂದಿದ್ದರೂ ಟೈಪ್ 1. ಡಿಪ್ರೆಷನ್ ಬಂದು ಮಲಗಿರುವ ದಿನ ನೋಡಿದರೆ ಎಫ್ 33ರವಳಿಗೂ ಬೈಪೋಲಾರ್‌ನವಳಿಗೂ ವ್ಯತ್ಯಾಸ ಹೇಳುವುದು ಕಷ್ಟ. ಅದೇ ಮೂರೂವರೆ ಗಂಟೆ, ಅದೇ ಉಕ್ಕುವ ಹಾಲು. ಆದರೆ ಔಷಧಿ ಬೇರೆ. ಬೈಪೋಲಾರ್ ಇದ್ದವರಿಗೆ ಡಿಪ್ರೆಷನ್ನಿನ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರಲ್ಲಿ ಅದು ಮನಸ್ಸನ್ನು ಇನ್ನೊಂದು ತುದಿಗೆ ಎತ್ತಿಹಾಕುತ್ತದೆ. ಅವರಿಗೆ ಲಿಥಿಯಂನಂಥ, ಎರಡೂ ಕಡೆ ಹಿಡಿದು ನಿಲ್ಲಿಸುವ ಔಷಧಿ ಬೇಕು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ವೈದ್ಯ ಮೇನಿಯಾಕ್ಕೆ ಇದರ ಉಪಯೋಗ ತೋರಿಸಿಕೊಟ್ಟ. ಲಿಥಿಯಂ ಒಂದು ಥರದ ಉಪ್ಪು, ಇವತ್ತಿಗೂ ಅದನ್ನೇ ಕೊಡುತ್ತಾರೆ. ರಕ್ತದಲ್ಲಿ ಅದರ ಮಟ್ಟ ನೋಡುತ್ತಿರಬೇಕು, ಥೈರಾಯ್ಡ್, ಕಿಡ್ನಿ ಪರೀಕ್ಷೆಯನ್ನೂ ಆಗಾಗ ಮಾಡಿಸಬೇಕು. ಈಗ ನಮ್ಮ ಫೈಲು ದಪ್ಪ ಆಗುತ್ತಿರುವುದು ಆ ರಿಪೋರ್ಟುಗಳಿಂದ.

ನೂರು ವರ್ಷದ ಹಿಂದೆ ಈ ತಲೆನೋವೇ ಇರಲಿಲ್ಲ. ಜರ್ಮನಿಯ ಕ್ರೇಪಲಿನ್ ಇವನ್ನೆಲ್ಲ ಹೆಚ್ಚುಕಮ್ಮಿ ಒಂದೇ ಹೆಸರಿನ ಕೆಳಗೆ ಇಟ್ಟಿದ್ದ, ಮ್ಯಾನಿಕ್ ಡಿಪ್ರೆಸಿವ್ ಅಂತ. ಏರು ಇದ್ದವರೂ ಅಲ್ಲೇ, ಬರೀ ಇಳಿತ ಇದ್ದವರೂ ಅಲ್ಲೇ. 1957ರಲ್ಲಿ ಲಿಯೊನ್‌ಹಾರ್ಡ್ ಅನ್ನುವ ಇನ್ನೊಬ್ಬ ಜರ್ಮನ್ ವೈದ್ಯ ಇವನ್ನು ಎರಡಾಗಿ ಒಡೆದು, ಒಂದೇ ತುದಿಯದ್ದು ಯೂನಿಪೋಲಾರ್, ಎರಡೂ ತುದಿಯದ್ದು ಬೈಪೋಲಾರ್ ಅಂದ. ಟೈಪ್ 2 ಅನ್ನುವುದು ಪ್ರತ್ಯೇಕ ಕಾಯಿಲೆಯಾಗಿ ಡಿಎಸ್ಎಂಗೆ ಬಂದದ್ದು 1994ರಲ್ಲಿ. ಐಸಿಡಿ ಅದಕ್ಕೆ ಸ್ವಂತ ಜಾಗ ಕೊಡುವುದಕ್ಕೆ ಹನ್ನೊಂದನೇ ಆವೃತ್ತಿಯೇ ಬರಬೇಕಾಯಿತು. ಅಂದರೆ ಹಪ್ಪಳದ ಬೇಸಿಗೆ ಎಂಬತ್ತರ ದಶಕದಲ್ಲಿ ನಡೆದಿದ್ದರೆ, ಅವಳ ಚೀಟಿಯಲ್ಲಿ ಬರೆಯುವುದಕ್ಕೆ ಯಾವ ಕೈಪಿಡಿಯಲ್ಲೂ ಇದು ಪ್ರತ್ಯೇಕ ಕಾಯಿಲೆಯಾಗಿ ಇರುತ್ತಿರಲಿಲ್ಲ.

ಡಾಕ್ಟರ್ ಇದನ್ನೆಲ್ಲ ಸರಳವಾಗಿ ಬಿಡಿಸಿ ಹೇಳಿದರು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡಳು. "ಹಾಗಾದ್ರೆ ಆ ವರ್ಷದ್ದು ನಾನಲ್ವಾ? ಕಾಯಿಲೇನಾ?" ಅಂದಳು. ಡಾಕ್ಟರ್ ಸ್ವಲ್ಪ ಹೊತ್ತು ಯೋಚಿಸಿ, "ಹಪ್ಪಳ ಮಾಡೋಕೆ ಬರೋದು ನಿಮಗೇ ಅಲ್ವಾಮ್ಮ. ನಿದ್ದೆ ಬಿಡಿಸಿದ್ದು ಅದು," ಅಂದರು. ಚಿಕ್ಕಮ್ಮನಿಗೆ ಈ ಉತ್ತರ ಸಾಕಾಗಲಿಲ್ಲ. ನನಗೂ ಪೂರ್ತಿ ಸಾಕಾಗಿಲ್ಲ. ತನ್ನ ಬದುಕಿನ ಒಳ್ಳೇ ಬೇಸಿಗೆಗೆ ಒಂದು ಕೋಡು ಅಂಟಿಸಿದರೆ ಯಾರಿಗೆ ತಾನೇ ಹಿತ ಅನ್ನಿಸುತ್ತದೆ? ಡಿಪ್ರೆಷನ್ ಅಂದಾಗ ಸುಮ್ಮನೆ ಒಪ್ಪಿಕೊಂಡವಳು ಬೈಪೋಲಾರ್‌ಗೆ ಇನ್ನೂ ಪೂರ್ತಿ ಒಪ್ಪಿಲ್ಲ. ಮಾತ್ರೆ ಮಾತ್ರ ತಪ್ಪದೆ ತೆಗೆದುಕೊಳ್ಳುತ್ತಾಳೆ.

ಅದಾದ ಮೇಲೆ ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ಗಟ್ಟಿ ಮಾತಿನ ದೊಡ್ಡಪ್ಪನಿಗೂ ಬೈಪೋಲಾರ್ ಇರಬಹುದು ಅಂತ ತಂಗಿ ತೀರ್ಮಾನ ಕೊಟ್ಟಳು. ಹಾಗೆ ಆಗುವುದಿಲ್ಲ. ಮಾಮೂಲಿ ಸ್ವಭಾವಕ್ಕಿಂತ ಬೇರೆ ಆಗಿರಬೇಕು ಅನ್ನುವುದೇ ಅಲ್ಲಿ ಮುಖ್ಯ, ದೊಡ್ಡಪ್ಪ ಹುಟ್ಟಿದಾಗಿನಿಂದ ಹೀಗೇ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂತ ಡಾಕ್ಟರ್ ಕೇಳಿದ್ದಕ್ಕೆ, ಜಮೀನು ಮಾರಿ ಒಂದು ದಿನ ಮನೆ ಬಿಟ್ಟು ಹೋದ ಅಜ್ಜನ ತಮ್ಮನ ಕತೆ ಹೊರಗೆ ಬಂತು. ಅವನನ್ನು ನಾವು ಇಲ್ಲಿಯತನಕ ಸನ್ಯಾಸಿ ಅಂತ ತಿಳಿದಿದ್ದೆವು.

ಈಗ ಚಿಕ್ಕಪ್ಪನಿಗೆ ಒಂದು ಕೆಲಸ ಕೊಟ್ಟಿದ್ದಾರೆ. ದಿನಾ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಬೇಕು. ಮೊದಲ ತಿಂಗಳು ಎಲ್ಲ ಚೌಕದಲ್ಲೂ "ಚೆನ್ನಾಗಿದ್ದಾಳೆ" ಅಂತ ಬರೆದುಕೊಂಡು ಬಂದರು. ಇದರಿಂದ ಏನೂ ಗೊತ್ತಾಗಲ್ಲ, ನಿದ್ದೆ ಎಷ್ಟು ಗಂಟೆ, ಮಾತು ಹೇಗಿತ್ತು, ಖರ್ಚು ಹೇಗಿತ್ತು ಬರೆಯಿರಿ ಅಂದರು ಡಾಕ್ಟರ್. ಕಳೆದ ಸಲ ತಂದ ಹಾಳೆಯಲ್ಲಿ ಒಂದು ಮಂಗಳವಾರ "ನಿದ್ದೆ 6, ಮಾತು ಜಾಸ್ತಿ" ಅಂತಿತ್ತು. ಡಾಕ್ಟರ್ ಅದರ ಮೇಲೆ ಬೆರಳಿಟ್ಟರು. "ಅವತ್ತು ಹಾಲಿನವನಿಗೆ ದುಡ್ಡು ಕೊಡೋದು ಇವರು ಮರೆತಿದ್ರು," ಅಂದಳು ಚಿಕ್ಕಮ್ಮ. "ಅದಕ್ಕೆ ಮಾತು ಜಾಸ್ತಿ ಆಗಿತ್ತು." ಡಾಕ್ಟರ್ ನಕ್ಕು ಅದರ ಮುಂದೆ ಏನನ್ನೂ ಗುರುತು ಹಾಕದೆ ಮುಂದಿನ ಚೌಕಕ್ಕೆ ಹೋದರು.